ಮೇಲುಕೋಟೆ ಗುಡ್ಡಗಳಲ್ಲಿ ಪಿಕಳಾರ ಹುಡುಕಿ ಕಲಿತದ್ದು

ವನ್ಯಧಾಮ ಅಂತ ಘೋಷಿಸಿದರೆ ಅಲ್ಲಿನ ಜೀವಿಗಳು ನಿಜಕ್ಕೂ ಉಳಿಯುತ್ತವಾ? ಮೈಸೂರಿನ ಕಾಲೇಜು ಹುಡುಗರು ಇದನ್ನು ತುಂಬಾ ಕೇಳುತ್ತಾರೆ. ಯಾವ ಜೀವಿ ಅಂತ ಮೊದಲು ಹೇಳಿ ಅನ್ನುತ್ತೇನೆ. ಕೆಲವು ವರ್ಷಗಳಿಂದ ಮೇಲುಕೋಟೆ ಸುತ್ತಿನ ಕಲ್ಲುಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಹಕ್ಕಿ ಹುಡುಕಿ ಬರೆದಿಡುತ್ತಿದ್ದೇನೆ. ಹಾಗೆ ಓಡಾಡಿಯೇ ‘ಯಾವ ಜೀವಿ’ ಅನ್ನುವ ಈ ಪ್ರಶ್ನೆ ನನಗೆ ಬಂತು.

ಹಕ್ಕಿ ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ರಂಗನತಿಟ್ಟು. 1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾದ ಜಾಗ, ನನಗೂ ಬಹಳ ಇಷ್ಟ. ಆದರೆ ಅಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಏಷ್ಯಾದ ಬೇರೆ ದೇಶಗಳಲ್ಲೂ ಇವೆ. ಈ ಪಿಕಳಾರ ಹಾಗಲ್ಲ. ದಕ್ಷಿಣ ಭಾರತದ ಕುರುಚಲು ಕಾಡಿನ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಜಗತ್ತಿನ ಜೀವಿಗಳ ಸ್ಥಿತಿ ಅಳೆಯುವ ಐಯುಸಿಎನ್ ಸಂಸ್ಥೆಯ ಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೆ ಈಡಾಗಬಲ್ಲ (ವಲ್ನರಬಲ್) ಹಕ್ಕಿ. ನಮ್ಮ ಮನೆ ಹತ್ತಿರದ ಗುಡ್ಡದಲ್ಲೇ ಇದೆ ಅಂದರೆ ಅದು ದೊಡ್ಡ ಜವಾಬ್ದಾರಿ ಅಲ್ವಾ?

ಹುಡುಕುವ ರೀತಿ ಹೇಳುತ್ತೇನೆ. ಮೊದಲು ಅರಣ್ಯ ಇಲಾಖೆಯ ಅನುಮತಿ. ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಬುಡದಲ್ಲಿರಬೇಕು. ಬಿಸಿಲೇರಿದ ಮೇಲೆ ಸದ್ದೇ ಇರುವುದಿಲ್ಲ. ದೊಡ್ಡ ಬಂಡೆಗಳು ಒಂದರ ಮೇಲೊಂದು ಕೂತಿರುವ ಕಡೆ, ಅದರಲ್ಲೂ ಬಿರುಕಿನಲ್ಲಿ ಬಸರಿ ಮರ ಬೇರು ಇಳಿಸಿರುವ ಕಡೆ ನಿಲ್ಲುತ್ತೇನೆ. ಒಂದೊಂದು ಜಾಗದಲ್ಲೂ ಹತ್ತು ನಿಮಿಷ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಹಾಗಿದ್ದರೆ ಮಾತ್ರ ಈ ಗುಡ್ಡವನ್ನು ಆ ಗುಡ್ಡದ ಜೊತೆ ಹೋಲಿಸಬಹುದು. ಹಕ್ಕಿ ಕಾಣದಿದ್ದರೂ ಬರೆಯಬೇಕು. ಹಣ್ಣು ಬಿಟ್ಟ ಮರ ಯಾವುದು, ಹತ್ತಿರ ನೀರಿನ ಜಿನುಗು ಇದೆಯಾ, ಲಂಟಾನ ಕಳೆ ಎಷ್ಟು ಮುಚ್ಚಿದೆ, ಬೆಂಕಿ ಬಿದ್ದ ಗುರುತು ಇದೆಯಾ, ಇವೂ ಪುಸ್ತಕಕ್ಕೆ ಹೋಗುತ್ತವೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಮರಿ ಸಾಕುವ ಕಾಲದಲ್ಲಿ ಅದರ ಹೊತ್ತು ಹಾಳು ಮಾಡುವುದು ಸರಿಯಲ್ಲ.

ಹೊಸಬರು ಜಾಸ್ತಿ ಗಲಿಬಿಲಿಯಾಗುವುದು ಬಿಳಿ ಹುಬ್ಬಿನ ಪಿಕಳಾರದ ಜೊತೆ. ಅದೂ ಇದೇ ಪೊದೆಗಳಲ್ಲಿರುತ್ತದೆ, ಗಡಗಡ ಅಂತ ಜೋರಾಗಿ ಹಾಡುತ್ತದೆ, ಬಾಲದ ಬುಡವೂ ಹಳದಿ ಛಾಯೆ. ನೋಡಬೇಕಾದ್ದು ಮುಖ. ನಮ್ಮ ಹಕ್ಕಿಗೆ ಜುಟ್ಟಿಲ್ಲ, ಬಿಳಿ ಹುಬ್ಬಿಲ್ಲ. ಮೈ ಬೂದು, ಕೊರಳು ಹಚ್ಚ ಹಳದಿ. ಬಂಡೆಯ ನೆರಳಿನಿಂದ ಸರ್ರನೆ ಬಂದು ಬಸರಿ ಕೊಂಬೆಯಲ್ಲಿ ಕೂತು, ಹಣ್ಣು ಕಿತ್ತು, ಕತ್ತು ತಿರುಗಿಸಿದಾಗ ಎಳೆ ಬಿಸಿಲು ಆ ಕೊರಳಿಗೆ ಬಿದ್ದರೆ ಮತ್ತೆ ಅನುಮಾನವೇ ಇರಲ್ಲ. ಹಾರುವಾಗ ಬಾಲದ ತುದಿಯ ತಿಳಿ ಬಣ್ಣವೂ ಕಾಣುತ್ತದೆ.

ಮೇಲುಕೋಟೆ ವನ್ಯಧಾಮ ಈ ಹಕ್ಕಿಗಾಗಿ ಆದದ್ದೇ ಅಲ್ಲ. 1974ರಲ್ಲಿ ತೋಳಕ್ಕಾಗಿ ಮಾಡಿದ್ದು. ವಿಸ್ತೀರ್ಣ ಸುಮಾರು 50 ಚದರ ಕಿಲೋಮೀಟರ್. ತೋಳಗಳ ಒಂದು ಗುಂಪು ಅದಕ್ಕಿಂತ ಎಷ್ಟೋ ದೊಡ್ಡ ಜಾಗ ಸುತ್ತುತ್ತದೆ. ಅದಕ್ಕೆ ಬೇಕಾದ್ದು ಬಯಲು, ಹುಲ್ಲುಗಾವಲು. ಆ ಬಯಲೆಲ್ಲ ಇರುವುದು ವನ್ಯಧಾಮದ ಗೆರೆಯ ಆಚೆ, ಊರುಗಳ ಪಕ್ಕ. ಒಮ್ಮೆ ಕುರಿ ಕಾಯುವ ಹಿರಿಯರೊಬ್ಬರನ್ನು ಕೇಳಿದೆ. "ಕುರಿ ಎತ್ತಗೆ ಹೋಯ್ತದೋ ತೋಳನೂ ಅತ್ತಗೇ ಸಾ" ಅಂದರು. ತೋಳವನ್ನು ಉಳಿಸುವುದು ಆ ಬಯಲು, ಮತ್ತು ಕುರಿ ಹೋದರೂ ಸಹಿಸಿಕೊಳ್ಳುವ ಇಂಥವರು. ಕುರಿ ಕಳೆದುಕೊಂಡವರಿಗೆ ಪರಿಹಾರ ಬೇಗ ಸಿಗಬೇಕು ಅಂತ ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಪಿಕಳಾರ ಬಂಡೆ ಬಿಟ್ಟು ಹೋಗಲ್ಲ. ಬಂಡೆ, ಅದರ ಸುತ್ತಿನ ಕಾರೆ, ಬಾರೆ, ಬಸರಿ, ಇಷ್ಟೇ ಅದರ ಪ್ರಪಂಚ. ಹಾಗಾಗಿ ತೋಳಕ್ಕೆ ಸಾಲದ ಅದೇ ಗೆರೆ ಇದಕ್ಕೆ ಚೆನ್ನಾಗಿ ಸಾಕು. ಗೆರೆಯ ಒಳಗೆ ಯಾರೂ ಬಂಡೆ ಒಡೆಯುವಂತಿಲ್ಲ. ಇಲಾಖೆಯ ಸಿಬ್ಬಂದಿ ಬೇಸಿಗೆಗೆ ಮುಂಚೆ ಬೆಂಕಿ ರೇಖೆ, ಅಂದರೆ ಬೆಂಕಿ ಹರಡದಂತೆ ಖಾಲಿ ಬಿಡುವ ಪಟ್ಟಿ, ಸವರುತ್ತಾರೆ. ಆ ಕೆಲಸ ಸರಿಯಾಗಿ ಆದ ವರ್ಷ ಹಣ್ಣಿನ ಪೊದೆಗಳು ಉಳಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಬಿಸಿಲಲ್ಲಿ ಬೆಟ್ಟ ಹತ್ತಿ ದುಡಿಯುವ ಆ ವಾಚರ್‌ಗಳ ಬಗ್ಗೆ ಯಾರೂ ಬರೆಯಲ್ಲ, ಬರೆಯಬೇಕು.

ಹೊರಗಿನ ಗುಡ್ಡಗಳದೇ ಚಿಂತೆ. ಅವು ಹೆಚ್ಚಿನವು ಕಂದಾಯ ಭೂಮಿ. ಕಾಗದದಲ್ಲಿ ಅದು ಕಲ್ಲು, ಅಷ್ಟೇ. ನಾನು ಹಕ್ಕಿ ಬರೆದಿಟ್ಟಿದ್ದ ಒಂದು ಗುಡ್ಡದ ಅರ್ಧ ಭಾಗ ಈಗ ಜಲ್ಲಿಯಾಗಿ ರಸ್ತೆ ಸೇರಿದೆ. ಕಾಡು ಕಡಿದರೆ ಮತ್ತೆ ಬೆಳೆಸಬಹುದು, ಬಂಡೆಯನ್ನು ಯಾರು ಬೆಳೆಸುತ್ತಾರೆ? 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ನಿಲ್ಲಿಸಿತು. ಅದು ಅಣೆಕಟ್ಟಿನ ಸುರಕ್ಷತೆಗಾಗಿ. ಆ ಸುತ್ತಿನ ಕಲ್ಲುಗುಡ್ಡಗಳಿಗೂ ಅದರಿಂದ ಉಸಿರಾಡಲು ಸ್ವಲ್ಪ ಸಮಯ ಸಿಕ್ಕಿತು. ಆ ವ್ಯಾಪ್ತಿಯಿಂದ ದೂರ ಇರುವ ಗುಡ್ಡಗಳಿಗೆ ಅಂಥ ಆಸರೆಯೂ ಇಲ್ಲ.

ಅದಕ್ಕೇ ಈಗ ನನ್ನ ಬೆಳಗುಗಳು ಜಾಸ್ತಿ ಗೆರೆಯ ಹೊರಗೇ ಕಳೆಯುತ್ತವೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಿಗಳ ದಾಖಲಾತಿಯೂ ಇರಬೇಕು. ಆ ಪುಸ್ತಕದಲ್ಲಿ ಗುಡ್ಡದ ಹೆಸರು, ಸರ್ವೆ ನಂಬರ್, ಹಕ್ಕಿ ಕಂಡ ತಿಂಗಳು ಬರೆಸುತ್ತಿದ್ದೇನೆ. ಅದರ ಒಂದು ಪ್ರತಿಯನ್ನು ಅರಣ್ಯ ಕಚೇರಿಗೂ ಕೊಡುತ್ತೇನೆ. ನಾಳೆ ಯಾರಾದರೂ ಕ್ವಾರಿಗೆ ಅರ್ಜಿ ಹಾಕಿದರೆ, ಇಲ್ಲಿ ಬರೀ ಕಲ್ಲಿದೆ ಅಂತ ಹೇಳಲು ಆಗಬಾರದು. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ನಿಮ್ಮೂರಿನ ಗುಡ್ಡಕ್ಕೂ ಇದನ್ನೇ ಮಾಡಬಹುದು. ಬಸರಿ ಹಣ್ಣಾಗುವ ಕಾಲದಲ್ಲಿ ಶುರು ಮಾಡಿ, ಹಕ್ಕಿ ಬೇಗ ಸಿಗುತ್ತದೆ.