ಹಳೇ ರೇಡಿಯೋ ಪೆಟ್ಟಿಗೆಯೊಳಗೆ ಹೊಸ ಕಂಪ್ಯೂಟರ್

ಮರ್ಫಿ, ಫಿಲಿಪ್ಸ್, ಬುಷ್. ಹೆಸರು ಯಾವುದೇ ಇರಲಿ, ಬಲ್ಬಿನಂಥ ಗಾಜಿನ ವಾಲ್ವ್‌ಗಳಿಂದ ನಡೆಯುತ್ತಿದ್ದ ಆ ಕಾಲದ ರೇಡಿಯೋದ ಮರದ ಪೆಟ್ಟಿಗೆ ಇವತ್ತಿನ ಪುಟ್ಟ ಕಂಪ್ಯೂಟರ್‌ಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಒಳಗೆ ಜಾಗ ಇದೆ, ಹಿಂದೆ ಗಾಳಿ ಆಡುತ್ತದೆ, ನೋಡೋಕೆ ಅಂಗಡಿಯ ಯಾವ ಕ್ಯಾಬಿನೆಟ್ಟಿಗಿಂತಲೂ ಚೆಂದ.

ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಹೇಳಿಬಿಡುತ್ತೇನೆ: ರಿಪೇರಿ ಆಗುವ ರೇಡಿಯೋವನ್ನು ಇದಕ್ಕಾಗಿ ಬಿಚ್ಚಬೇಡಿ. ಎಷ್ಟೋ ಸಲ ನಾಲ್ಕೈದು ಕಂಡೆನ್ಸರ್ (ಕರೆಂಟನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಬದಲಾಯಿಸಿದರೆ ಸಾಕು, ಸೆಟ್ ಮತ್ತೆ ಹಾಡುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು, ವಾಲ್ವ್‌ಗಳನ್ನು ಯಾರೋ ಕಿತ್ತುಕೊಂಡು ಹೋದ ಪೆಟ್ಟಿಗೆಗಳು ಗುಜರಿಯಲ್ಲಿ ಸಿಗುತ್ತವೆ. ಬೆಂಗಳೂರಿನವರಾದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ ಒಂದು ಸುತ್ತು ಹಾಕಿ. ಇನ್ನೊಂದು ನಿಯಮ: ಪೆಟ್ಟಿಗೆಯ ಮುಖಕ್ಕೆ ಡ್ರಿಲ್ ತಾಗಬಾರದು. ತೂತು ಕೊರೆಯುವುದೇನಿದ್ದರೂ ಹಿಂದೆ, ತಪ್ಪಿದರೆ ತಳದಲ್ಲಿ.

ಬಿಚ್ಚುವಾಗ ಹುಷಾರು

'ಉರಿಯುತ್ತಾ ನೋಡೋಣ' ಅಂತ ಸುಮ್ನೆ ಪ್ಲಗ್ ಹಾಕಬೇಡಿ. ಒಳಗಿನ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ 250 ವೋಲ್ಟ್‌ಗಿಂತ ಜಾಸ್ತಿ ಇರಬಹುದು, ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರುತ್ತದೆ. ಎಸಿ, ಡಿಸಿ ಎರಡರಲ್ಲೂ ನಡೆಯುವ ಸೆಟ್ ಆದರೆ ಚಾಸಿಗೇ, ಅಂದರೆ ಬಿಡಿಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿಗೇ, ಕರೆಂಟ್ ಬರುವ ಸಾಧ್ಯತೆ ಇದೆ. ವರ್ಷಗಟ್ಟಲೆ ಅಟ್ಟದಲ್ಲಿದ್ದ ರೇಡಿಯೋದ ಕಂಡೆನ್ಸರ್ ಖಾಲಿಯಾಗಿರುತ್ತದೆ. ಆದರೆ ಮಾರುವವನು ಈಗಷ್ಟೇ ಕರೆಂಟ್ ಕೊಟ್ಟು ಚೆಕ್ ಮಾಡಿದ್ದರೆ ಅದು ತುಂಬಿರಬಹುದು, ಮಲ್ಟಿಮೀಟರ್‌ನಲ್ಲಿ ನೋಡದೆ ಕೈ ಹಾಕಬೇಡಿ. ವಾಲ್ವ್‌ಗಳ ಮೇಲೆ ಬಿಳಿ ಅಥವಾ ಬೂದು ಬಣ್ಣದ ರಟ್ಟಿನಂಥ ಹಾಳೆ ಕಂಡರೆ ಅದು ಆಸ್ಬೆಸ್ಟಾಸ್ ಇರಬಹುದು. ಅದನ್ನು ಕೆರೆಯಬಾರದು, ಮುರಿಯಬಾರದು. ಅಂಥ ಪೆಟ್ಟಿಗೆ ಬಿಟ್ಟು ಬೇರೆ ನೋಡುವುದೇ ವಾಸಿ.

ಮೊದಲು ಗುಂಡಿಗಳು ಹೊರಬರಬೇಕು. ಕೆಲವಕ್ಕೆ ಪಕ್ಕದಲ್ಲಿ ಸಣ್ಣ ಸ್ಕ್ರೂ ಇರುತ್ತದೆ, ಕೆಲವು ಹಾಗೇ ಎಳೆದರೆ ಬರುತ್ತವೆ. ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಬೇಕಲೈಟ್ ಚೂರಾಗುತ್ತದೆ. ಬಟ್ಟೆಯ ಪಟ್ಟಿಯೊಂದನ್ನು ಗುಂಡಿಯ ಹಿಂದೆ ಸುತ್ತಿ, ಎರಡೂ ತುದಿ ಸೇರಿಸಿ ನೇರಕ್ಕೆ ಎಳೆಯಿರಿ. ಆಮೇಲೆ ತಳದ ಬೋಲ್ಟ್‌ಗಳನ್ನು ಬಿಚ್ಚಿದರೆ ಚಾಸಿ ಹಿಂದಿನಿಂದ ಜಾರಿ ಬರುತ್ತದೆ. ಅದನ್ನು ತೂಕಕ್ಕೆ ಹಾಕಬೇಡಿ. ಗ್ಯಾಂಗ್ ಕಂಡೆನ್ಸರ್, ಐಎಫ್ ಟ್ರಾನ್ಸ್‌ಫಾರ್ಮರ್‌ನಂಥ ಹಳೇ ಬಿಡಿಭಾಗ ಹುಡುಕಿಕೊಂಡು ಅಲೆಯುವ ರಿಪೇರಿಯವರಿದ್ದಾರೆ, ಅವರಿಗೆ ಕೊಡಿ.

ಡಯಲ್ ಗಾಜು ಇಡೀ ಕೆಲಸದಲ್ಲೇ ನಾಜೂಕಾದದ್ದು. ದೆಹಲಿ, ಬಾಂಬೆ, ಸಿಲೋನ್ ಅಂತ ಬರೆದ ಅಕ್ಷರಗಳು ಇರುವುದು ಗಾಜಿನ ಹಿಂಬದಿಯಲ್ಲಿ. ಆ ಬಣ್ಣ ಇಷ್ಟು ವರ್ಷದಲ್ಲಿ ಪುಡಿಯಾಗಿರುತ್ತದೆ, ಒದ್ದೆ ಬಟ್ಟೆ ಒಮ್ಮೆ ತಾಗಿದರೂ ಸಿಲೋನ್ ಅಳಿಸಿಹೋಗುತ್ತದೆ. ಮುಂಬದಿಯನ್ನು ಬೇಕಾದಂತೆ ಒರೆಸಿ, ಹಿಂಬದಿಗೆ ಒಣ ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಬೇಡ.

ಮರಕ್ಕೆ ಜಾಸ್ತಿ ಉಪಚಾರ ಬೇಡ. ಮೇಲಂಟಿಸಿದ ತೆಳು ಮರದ ಪದರ (ವೆನೀರ್) ಎದ್ದಿದ್ದರೆ ಫೆವಿಕಾಲ್ ತುಂಬಿ, ಕ್ಲಾಂಪ್ ಹಾಕಿ ಒಂದು ರಾತ್ರಿ ಬಿಡಿ. ಹಳೇ ಪಾಲಿಶ್ ಅರಗಿನದ್ದಾಗಿದ್ದರೆ ಸ್ಪಿರಿಟ್ ತಾಗಿದ ಕೂಡಲೇ ಕರಗುತ್ತದೆ. ಒಳಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿಯೇ ಮುಂದುವರಿಯಿರಿ.

ಯಾವ ಬೋರ್ಡ್ ಹಿಡಿಯುತ್ತದೆ?

ಟೇಪ್ ಹಿಡಿದು ಒಳಗಿನ ಆಳವನ್ನೇ ಮೊದಲು ಅಳೆಯಿರಿ. ಅಗಲ, ಎತ್ತರ ಹೇಗೂ ಸಾಕಾಗುತ್ತವೆ, ಕೈ ಕೊಡುವುದು ಆಳವೇ. ಮಿನಿ-ಐಟಿಎಕ್ಸ್ ಅಳತೆಯ ಮದರ್‌ಬೋರ್ಡ್ (ಕಂಪ್ಯೂಟರಿನ ಮುಖ್ಯ ಬೋರ್ಡ್) 170 ಮಿ.ಮೀ. ಚೌಕ, ಬಹಳಷ್ಟು ಟೇಬಲ್ ರೇಡಿಯೋಗಳಲ್ಲಿ ಸಲೀಸಾಗಿ ಕೂರುತ್ತದೆ. ಮೈಕ್ರೋ-ಎಟಿಎಕ್ಸ್ 244 ಮಿ.ಮೀ. ತನಕ ಹೋಗುತ್ತದೆ, ಅದಕ್ಕೆ ದೊಡ್ಡ ಪೆಟ್ಟಿಗೆಯೇ ಬೇಕು. ಪವರ್ ಸಪ್ಲೈ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯದ್ದು ತಗೊಳ್ಳಿ, 125 ಮಿ.ಮೀ. ಅಗಲ, 100 ಮಿ.ಮೀ. ಉದ್ದದಲ್ಲಿ ಮುಗಿಯುತ್ತದೆ.

ಬೋರ್ಡನ್ನು ನೇರವಾಗಿ ಮರಕ್ಕೆ ಬಡಿಯಬೇಡಿ. 2 ಮಿ.ಮೀ. ಅಲ್ಯೂಮಿನಿಯಂ ಹಾಳೆಯಲ್ಲಿ ಒಂದು ತಟ್ಟೆ ಕತ್ತರಿಸಿಕೊಳ್ಳಿ. ಮದರ್‌ಬೋರ್ಡನ್ನೇ ಅದರ ಮೇಲಿಟ್ಟು ನಾಲ್ಕು ತೂತುಗಳ ಗುರುತು ಹಾಕಿ, ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಪುಟ್ಟ ಕಂಬ) ಕೂರಿಸಿ. ಹಳೇ ಚಾಸಿ ನಿಂತಿದ್ದ ತಳದ ತೂತುಗಳಿಗೇ ಈ ತಟ್ಟೆಯನ್ನು ಬಿಗಿಯಿರಿ. ನಾಳೆ ಯಾರಿಗಾದರೂ ಮತ್ತೆ ರೇಡಿಯೋ ಮಾಡಬೇಕೆನಿಸಿದರೆ ಪೆಟ್ಟಿಗೆ ಇದ್ದ ಹಾಗೇ ಇರುತ್ತದೆ. ಪವರ್ ಸಪ್ಲೈಯನ್ನೂ ಇದೇ ತಟ್ಟೆಗೆ ಸ್ಕ್ರೂ ಮಾಡಿ. ಅದರ ಮೈ ಅರ್ಥ್‌ಗೆ ಸೇರಿರುವುದರಿಂದ ತಟ್ಟೆಗೂ ಅರ್ಥ್ ಸಿಗುತ್ತದೆ, ಗೋಡೆಯ ಮೂರು ಪಿನ್ನಿನ ಸಾಕೆಟ್‌ನಲ್ಲಿ ನಿಜವಾಗಿ ಅರ್ಥ್ ಇದ್ದರೆ! ವೈಫೈಗೆ ಮರ ಅಡ್ಡ ಬರುವುದಿಲ್ಲ, ಆಂಟೆನಾ ಒಳಗೇ ಇರಲಿ. ತಟ್ಟೆಯ ಹಿಂದೆ ಮರೆಯಾಗದಂತೆ ನೋಡಿಕೊಂಡರೆ ಆಯಿತು.

ಬಿಸಿ ಗಾಳಿಗೆ ದಾರಿ

ಐದು ವಾಲ್ವ್‌ನ ಸೆಟ್ ಸುಮಾರು 40-50 ವ್ಯಾಟ್ ಎಳೆಯುತ್ತಿತ್ತು, ಅಷ್ಟೂ ಕೊನೆಗೆ ಬಿಸಿಯೇ. ಅದಕ್ಕೇ ಹಿಂದಿನ ಹಲಗೆಗೆ ತೂತುಗಳಿರುವುದು. ನಿಮ್ಮ ಪ್ರೊಸೆಸರ್ 65 ವ್ಯಾಟ್‌ನದ್ದಾದರೆ ಬಿಸಿಯ ಲೆಕ್ಕ ಹೆಚ್ಚುಕಮ್ಮಿ ಅಲ್ಲಿಗೇ ಬರುತ್ತದೆ. ಆದರೆ ವಾಲ್ವ್‌ಗೆ ಬಿಸಿ ಅಭ್ಯಾಸ, ಚಿಪ್‌ಗೆ ಅಲ್ಲ. ಫ್ಯಾನ್ ಬೇಕೇ ಬೇಕು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ಆಡುವ ಆಸೆ ಇದ್ದರೆ ಈ ಪೆಟ್ಟಿಗೆಯನ್ನು ಬಿಟ್ಟುಬಿಡಿ.

ಮೇಲ್ಭಾಗ ಮುಚ್ಚಿರುವುದರಿಂದ ಬಿಸಿ ಗಾಳಿ ಅಲ್ಲೇ ಸೇರಿಕೊಳ್ಳುತ್ತದೆ. ಹಾಗಾಗಿ ಹೊರಗೆ ಊದುವ 120 ಮಿ.ಮೀ. ಫ್ಯಾನ್ ಹಿಂಬದಿಯ ತೀರಾ ಮೇಲಕ್ಕಿರಲಿ. ಮೂಲ ಹಲಗೆಯನ್ನು ಕೊಯ್ಯಬೇಡಿ. ಅದನ್ನು ಪ್ಲೈವುಡ್ ಮೇಲಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದು ಇನ್ನೊಂದನ್ನು ಮಾಡಿಕೊಳ್ಳಿ, ಫ್ಯಾನ್ ಮತ್ತು ಪೋರ್ಟ್‌ಗಳ ಕಿಂಡಿ ಅದರಲ್ಲಿರಲಿ. ಫ್ಯಾನ್‌ನ ಸ್ಕ್ರೂ ತೂತುಗಳ ನಡುವೆ 105 ಮಿ.ಮೀ. ಅಂತರ. ತಣ್ಣನೆ ಗಾಳಿ ಬರಲು ಸ್ಪೀಕರ್ ಇದ್ದ ಜಾಗವೇ ಸಾಕು, ಮುಂದಿನ ಬಟ್ಟೆ ಗಾಳಿ ಬಿಡುತ್ತದೆ, ಧೂಳನ್ನೂ ತಡೆಯುತ್ತದೆ. ಸ್ಪೀಕರ್ ಉಳಿಸಿಕೊಳ್ಳುವುದಾದರೆ ತಳದ ಕಿಂಡಿಯಿಂದ ಗಾಳಿ ಬಿಡಿ. ರಿಪೇರಿಗೆ ಅನುಕೂಲ ಅಂತ ಅನೇಕ ಕಂಪನಿಗಳು ಅದನ್ನು ಮೊದಲೇ ಬಿಟ್ಟಿರುತ್ತಿದ್ದವು.

ಹಳೇ ಸ್ಪೀಕರ್ ಮತ್ತೆ ಬಳಸುವ ಮುನ್ನ ಮಲ್ಟಿಮೀಟರ್‌ನಲ್ಲಿ ಅದರ ಓಮ್ (ವಿದ್ಯುತ್ ತಡೆಯ ಅಳತೆ) ನೋಡಿ. ಮೂರು-ನಾಲ್ಕು ಓಮ್ ತೋರಿಸಿದರೆ 3 ವ್ಯಾಟ್‌ನ ಪುಟ್ಟ ಆಂಪ್ಲಿಫೈಯರ್ ಬೋರ್ಡ್‌ಗೆ ಜೋಡಿಸಬಹುದು. ಫಿಲಿಪ್ಸ್‌ನ ಕೆಲವು ಸೆಟ್‌ಗಳಲ್ಲಿ 800 ಓಮ್‌ನ ಸ್ಪೀಕರ್ ಇರುತ್ತಿತ್ತು. ಅದು ಇಲ್ಲಿ ನಡೆಯುವುದಿಲ್ಲ.

ಗುಂಡಿಗೆ ಕೆಲಸ ಕೊಡಿ

ವಾಲ್ಯೂಮ್ ಗುಂಡಿಯ ಹಳೇ 'ಟಕ್' ಸ್ವಿಚ್ಚನ್ನು ಪವರ್‌ಗೆ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಅದು ತಿರುಗಿಸಿದಲ್ಲೇ ನಿಲ್ಲುವ ಸ್ವಿಚ್. ಮದರ್‌ಬೋರ್ಡ್‌ಗೆ ಬೇಕಾದದ್ದು ಒತ್ತಿ ಬಿಟ್ಟರೆ ವಾಪಸ್ ಬರುವಂಥದ್ದು. ಹಾಕಿದರೆ ಕೆಲವು ಸೆಕೆಂಡ್‌ನಲ್ಲಿ ಕಂಪ್ಯೂಟರ್ ತಾನೇ ಆರಿಹೋಗುತ್ತದೆ. ಅದರ ಬದಲು, ತಿರುಗುವುದರ ಜೊತೆ ಒತ್ತಲೂ ಬರುವ ರೋಟರಿ ಎನ್‌ಕೋಡರನ್ನು ಹಳೇ ತೂತಿನಲ್ಲೇ ಕೂರಿಸಿ. ಒತ್ತುವ ಎರಡು ತಂತಿ ಮದರ್‌ಬೋರ್ಡ್‌ನ ಪವರ್ ಪಿನ್‌ಗೆ. ತಿರುಗಿಸುವ ತಂತಿಗಳು ಆರ್ಡುಯಿನೋ ಮಾದರಿಯ ಪ್ರೊ ಮೈಕ್ರೋ ಎಂಬ ಪುಟ್ಟ ಬೋರ್ಡ್‌ಗೆ. ಅದು ಯುಎಸ್‌ಬಿ ಕೀಬೋರ್ಡ್‌ನ ವೇಷದಲ್ಲಿ ವಾಲ್ಯೂಮ್ ಏರಿಳಿಸುತ್ತದೆ. ಎನ್‌ಕೋಡರ್‌ನ ಕಡ್ಡಿ 6 ಮಿ.ಮೀ., ಹಳೇ ಗುಂಡಿಯ ತೂತು ಹೆಚ್ಚಾಗಿ ಕಾಲು ಇಂಚು. ಒಂದು ಸುತ್ತು ತೆಳು ಹಿತ್ತಾಳೆ ಹಾಳೆ ಸುತ್ತಿದರೆ ಲೊಡಲೊಡ ನಿಲ್ಲುತ್ತದೆ.

ಡಯಲ್ ಬೆಳಕಿಗೆ ಹಳದಿ ಛಾಯೆಯ 12 ವೋಲ್ಟ್ ಎಲ್‌ಇಡಿ ಪಟ್ಟಿ ತಂದು, ಪವರ್ ಸಪ್ಲೈನ ಹಳದಿ ಮತ್ತು ಕಪ್ಪು ತಂತಿಗೆ ಸೇರಿಸಿ. ಬಿಳಿ ಎಲ್‌ಇಡಿ ಮಾತ್ರ ಬೇಡ, ಆಸ್ಪತ್ರೆಯ ಕಾರಿಡಾರ್ ಆಗುತ್ತದೆ.

ಕೊನೆಗೆ ಹಿಂದಿನ ಹಲಗೆ ಮುಚ್ಚಿ, ಒಂದು ಗಂಟೆ ಭಾರೀ ಕೆಲಸ ಕೊಟ್ಟು ಪ್ರೊಸೆಸರ್‌ನ ಬಿಸಿ ನೋಡಿ. ಹಲಗೆ ತೆಗೆದು ಇನ್ನೊಮ್ಮೆ ನೋಡಿ. ಎರಡರ ನಡುವೆ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಗಾಳಿಯ ದಾರಿ ಎಲ್ಲೋ ಕಟ್ಟಿದೆ ಅಂತ ಅರ್ಥ. ಹೆಚ್ಚಿನ ಸಲ ಅದು ಪವರ್ ಸಪ್ಲೈನ ವೈರ್‌ಗಳ ಗಂಟೇ ಆಗಿರುತ್ತದೆ, ಇಲ್ಲವೇ ಪೆಟ್ಟಿಗೆ ಗೋಡೆಗೆ ಒತ್ತಿಕೊಂಡಿರುತ್ತದೆ.