ಗ್ರೀನ್‌ಲ್ಯಾಂಡಿನ ಹಿಮವನ್ನು ಆಕಾಶದಿಂದ ತೂಗುವುದು ಹೇಗೆ?

ಉಪಗ್ರಹ ತೆಗೆದ ಫೋಟೊ ನೋಡಿದರೆ ಸಾಕಲ್ವಾ, ಹಿಮ ಎಷ್ಟು ಕರಗಿದೆ ಅಂತ ಗೊತ್ತಾಗುತ್ತದೆ ಎಂದು ಹಲವರು ಕೇಳುತ್ತಾರೆ. ಸಾಲದು. ಗ್ರೀನ್‌ಲ್ಯಾಂಡಿನ ಹಿಮದ ಹಾಸು ಸುಮಾರು 17 ಲಕ್ಷ ಚದರ ಕಿಲೋಮೀಟರ್ ಹರಡಿದೆ. ನಡುಭಾಗದಲ್ಲಿ ಅದರ ದಪ್ಪ ಮೂರು ಕಿಲೋಮೀಟರಿಗೂ ಜಾಸ್ತಿ. ಅದು ಒಂದು ಮೀಟರ್ ತೆಳ್ಳಗಾದರೂ ಮೇಲಿನಿಂದ ತೆಗೆದ ಫೋಟೊದಲ್ಲಿ ಮೊದಲಿನಷ್ಟೇ ಬೆಳ್ಳಗೆ ಕಾಣುತ್ತದೆ.

ಹಾಗಾಗಿ ವಿಜ್ಞಾನಿಗಳು ಮೂರು ಬೇರೆ ಬೇರೆ ಪ್ರಶ್ನೆ ಕೇಳುತ್ತಾರೆ. ಹಿಮದ ಎತ್ತರ ಎಷ್ಟು ಇಳಿಯಿತು? ತೂಕ ಎಷ್ಟು ಕಡಿಮೆಯಾಯಿತು? ಎಷ್ಟು ಹಿಮ ಜಾರಿ ಸಮುದ್ರ ಸೇರಿತು? ಒಂದೊಂದು ಪ್ರಶ್ನೆಗೂ ಒಂದೊಂದು ಬಗೆಯ ಉಪಗ್ರಹ ಬೇಕು. ಒಂದೇ ಉಪಗ್ರಹದ ಮಾತು ನಂಬಿ ಯಾರೂ ಲೆಕ್ಕ ಮುಗಿಸುವುದಿಲ್ಲ. ಈ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ.

ಮೊದಲ ಹೆಜ್ಜೆ: ಎತ್ತರ

ನಾಸಾದ ಐಸ್‌ಸ್ಯಾಟ್-2 ಉಪಗ್ರಹ 2018ರ ಸೆಪ್ಟೆಂಬರಿನಲ್ಲಿ ಹಾರಿತು. ಸುಮಾರು 500 ಕಿ.ಮೀ. ಎತ್ತರದಲ್ಲಿ ಸುತ್ತುತ್ತಾ ಅದು ಸೆಕೆಂಡಿಗೆ 10,000 ಸಲ ಹಸಿರು ಲೇಸರ್ ಮಿಡಿತವನ್ನು ಕೆಳಗೆ ಬಿಡುತ್ತದೆ. ಒಂದು ಮಿಡಿತದಲ್ಲಿ ಸುಮಾರು 20 ಲಕ್ಷ ಕೋಟಿ ಬೆಳಕಿನ ಕಣಗಳಿರುತ್ತವೆ. ಹಿಮಕ್ಕೆ ತಾಗಿ ದುರ್ಬೀನಿಗೆ ವಾಪಸ್ ಬರುವುದು ಸುಮಾರು ಒಂದು ಡಜನ್ ಮಾತ್ರ! ಆ ಕಣ ಇಳಿದು ಮೇಲೇರಲು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು ಚಿಲ್ಲರೆ ಭಾಗದಷ್ಟು ಸಮಯ ಸಾಕು. ಗಡಿಯಾರ ಅದನ್ನು ಗುರುತು ಹಾಕಿಕೊಳ್ಳುತ್ತದೆ. ಬೆಳಕಿನ ವೇಗ ಗೊತ್ತಿರುವುದರಿಂದ ದೂರ ಸಿಗುತ್ತದೆ. ಉಪಗ್ರಹ ಎಷ್ಟು ಎತ್ತರದಲ್ಲಿತ್ತು ಎಂಬುದರಿಂದ ಆ ದೂರವನ್ನು ಕಳೆದರೆ ಹಿಮದ ಎತ್ತರ ಸಿಗುತ್ತದೆ. 91 ದಿನ ಬಿಟ್ಟು ಅದೇ ಹಾದಿಯಲ್ಲಿ ಬಂದು ಮತ್ತೆ ಅಳೆಯುತ್ತದೆ. ಎರಡು ಅಳತೆಗಳ ವ್ಯತ್ಯಾಸ ನಮಗೆ ಬೇಕಾದದ್ದು.

ಮೋಡ ಕವಿದರೆ ಲೇಸರ್ ಕೆಳಗೆ ಮುಟ್ಟುವುದಿಲ್ಲ. ರೇಡಾರ್‌ಗೆ ಮೋಡ ಅಡ್ಡಿಯಲ್ಲ. ಯುರೋಪಿನ ಕ್ರಯೋಸ್ಯಾಟ್-2 ಉಪಗ್ರಹ 2010ರಿಂದ ರೇಡಾರ್ ಹಿಡಿದು ಇದೇ ಕೆಲಸ ಮಾಡುತ್ತಿದೆ.

ಎರಡನೆಯ ಹೆಜ್ಜೆ: ಎತ್ತರವನ್ನು ಸುಮ್ನೆ ನಂಬಬೇಡಿ

ಇಲ್ಲಿ ಆತುರ ಮಾಡಿದರೆ ಇಡೀ ಲೆಕ್ಕ ಕೆಡುತ್ತದೆ. ಮಂಡಕ್ಕಿ ಚೀಲವನ್ನು ನೆನೆಸಿಕೊಳ್ಳಿ. ಬಾಯಿಮಟ್ಟ ತುಂಬಿದ ಚೀಲವನ್ನು ನೆಲಕ್ಕೆ ನಾಲ್ಕು ಸಲ ಕುಟ್ಟಿದರೆ ಮಂಡಕ್ಕಿ ಒಂದು ಗೇಣು ಇಳಿಯುತ್ತದೆ. ತೂಕ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ. ಹೊಸ ಹಿಮವೂ ಹಾಗೆಯೇ. ಬಿದ್ದಾಗ ಹಗುರ, ಉಬ್ಬಿಕೊಂಡಿರುತ್ತದೆ. ವರ್ಷ ಕಳೆದಂತೆ ಮೇಲಿನ ಭಾರಕ್ಕೆ ಒತ್ತಿಕೊಂಡು ಗಟ್ಟಿಯಾಗುತ್ತದೆ. ಪೂರ್ತಿ ಗಟ್ಟಿಯಾದ ಮಂಜುಗಡ್ಡೆ ಘನ ಮೀಟರಿಗೆ ಸುಮಾರು 917 ಕಿಲೋ ತೂಗುತ್ತದೆ. ಹಾಗಾದರೆ ಎತ್ತರ ಇಳಿದದ್ದು ಹಿಮ ಕರಗಿದ್ದಕ್ಕೋ, ಒತ್ತಿಕೊಂಡಿದ್ದಕ್ಕೋ? ಆ ಜಾಗದ ಚಳಿ, ಗಾಳಿ, ಹಿಮಪಾತದ ಲೆಕ್ಕ ಹಾಕಿ ಇದನ್ನು ಬಿಡಿಸಬೇಕು.

ರೇಡಾರ್‌ಗೆ ಇನ್ನೊಂದು ತೊಡಕಿದೆ. ಅದರ ಅಲೆ ಒಣ ಹಿಮದೊಳಗೆ ಒಂದಷ್ಟು ಇಳಿದು ಆಮೇಲೆ ಮರಳುತ್ತದೆ. 2012ರ ಜುಲೈನಲ್ಲಿ ಗ್ರೀನ್‌ಲ್ಯಾಂಡಿನ ಮೇಲ್ಮೈ ಹೆಚ್ಚುಕಡಿಮೆ ಪೂರ್ತಿ, ಎತ್ತರದ ಒಳನಾಡಿನಲ್ಲೂ, ಕೆಲವು ದಿನ ಕರಗಿತು. ಆ ನೀರು ಮತ್ತೆ ಹೆಪ್ಪುಗಟ್ಟಿ ಗಟ್ಟಿ ಪದರವಾಯಿತು. ಮೊದಲು ಒಳಗೆ ಇಳಿಯುತ್ತಿದ್ದ ರೇಡಾರ್ ಅಲೆ ಈಗ ಮೇಲಿನಿಂದಲೇ ಪುಟಿಯತೊಡಗಿತು. ಕಾಗದದ ಮೇಲೆ ನೋಡಿದರೆ ಒಳನಾಡಿನ ಹಿಮ ಅರ್ಧ ಮೀಟರಿನಷ್ಟು ಎತ್ತರಕ್ಕೆ ಬೆಳೆದಿತ್ತು! ಕರಗಿದ ವರ್ಷದಲ್ಲೇ ಬೆಳೆದ ಹಾಗೆ ಕಂಡಿತು. ಸಂಶೋಧಕರು ಕೂತು ಅಲೆಯ ಆಕಾರ ನೋಡಿ ಕಾರಣ ಹಿಡಿದರು, ಅಳತೆ ತಿದ್ದಿದರು.

ಮೂರನೆಯ ಹೆಜ್ಜೆ: ತೂಕ

ನೇರವಾಗಿ ತೂಕವನ್ನೇ ಅಳೆದರೆ ಈ ಮಂಡಕ್ಕಿ ತಾಪತ್ರಯವೇ ಇರುವುದಿಲ್ಲ. ನಾಸಾ ಮತ್ತು ಜರ್ಮನಿ ಸೇರಿ 2002ರ ಮಾರ್ಚ್‌ನಲ್ಲಿ ಹಾರಿಸಿದ ಗ್ರೇಸ್ ಎಂಬ ಜೋಡಿ ಉಪಗ್ರಹ ಇದನ್ನೇ ಮಾಡಿತು. ಒಂದರ ಹಿಂದೆ ಒಂದು, ನಡುವೆ ಸುಮಾರು 220 ಕಿ.ಮೀ. ಅಂತರ. ನೆಲ ನೋಡುವ ಕ್ಯಾಮೆರಾ ಇಲ್ಲ, ಏನೂ ಇಲ್ಲ. ಒಂದನ್ನೊಂದು ನೋಡಿಕೊಂಡು ಓಡುವುದೇ ಕೆಲಸ.

ನಿಧಾನಕ್ಕೆ ಊಹಿಸಿಕೊಳ್ಳಿ. ಎದುರಿಗೆ ಗ್ರೀನ್‌ಲ್ಯಾಂಡ್ ಬರುತ್ತಿದೆ. ಅಷ್ಟು ದೊಡ್ಡ ಹಿಮದ ರಾಶಿಗೆ ತನ್ನದೇ ಗುರುತ್ವವಿದೆ. ಮುಂದಿನ ಉಪಗ್ರಹವನ್ನು ಅದು ಮೊದಲು ಎಳೆಯುತ್ತದೆ. ಜೋಡಿಯ ನಡುವಿನ ಅಂತರ ಒಂಚೂರು ಹಿಗ್ಗುತ್ತದೆ. ಆಮೇಲೆ ಹಿಂದಿನದ್ದೂ ಎಳೆತಕ್ಕೆ ಸಿಗುತ್ತದೆ, ಅಂತರ ಕುಗ್ಗುತ್ತದೆ. ಈ ಹಿಗ್ಗು ಕುಗ್ಗು ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಇದ್ದರೂ ಅಲ್ಲಿನ ಮೈಕ್ರೋವೇವ್ ಸಾಧನ ಅದನ್ನು ಗುರುತಿಸುತ್ತದೆ. ತಿಂಗಳಿಗೊಮ್ಮೆ ಗುರುತ್ವದ ನಕ್ಷೆ ತಯಾರಿಸಿ, ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿದರೆ ಕಳೆದುಹೋದ ಹಿಮದ ತೂಕ ಸಿಗುತ್ತದೆ.

ಇಲ್ಲೂ ತಿದ್ದುವ ಕೆಲಸ ಇದೆ. ಹಿಂದಿನ ಹಿಮಯುಗದ ಭಾರಕ್ಕೆ ಕುಸಿದಿದ್ದ ನೆಲ ಇನ್ನೂ ನಿಧಾನವಾಗಿ ಮೇಲೇಳುತ್ತಿದೆ, ಹತ್ತಿ ಹಾಸಿಗೆಯಿಂದ ಎದ್ದ ಮೇಲೆ ಗುಳಿ ತುಂಬಿಕೊಳ್ಳುವ ಹಾಗೆ. ಆ ಕಲ್ಲಿನ ತೂಕವನ್ನು ಲೆಕ್ಕದಿಂದ ಕಳೆಯಬೇಕು. ಅಂಟಾರ್ಕ್ಟಿಕಾದಲ್ಲಿ ಈ ತಿದ್ದುಪಡಿ ಇನ್ನೂ ಕಷ್ಟ. ಜೊತೆಗೆ, ಇದು ದೊಡ್ಡ ತಕ್ಕಡಿ. ನೂರಾರು ಕಿಲೋಮೀಟರ್ ಅಗಲದ ಪ್ರದೇಶದ ಒಟ್ಟು ತೂಕ ಹೇಳುತ್ತದೆ. ಯಾವ ಹಿಮನದಿ ಸೊರಗಿತು ಎಂದು ಕೇಳಿದರೆ ಹೇಳಲಾರದು. ಅದಕ್ಕೆ ಎತ್ತರದ ಉಪಗ್ರಹವನ್ನೇ ಕೇಳಬೇಕು.

ಗ್ರೇಸ್ 2017ರಲ್ಲಿ ನಿಂತಿತು. ಗ್ರೇಸ್-ಎಫ್‌ಒ ಎಂಬ ಹೊಸ ಜೋಡಿ ಹಾರಿದ್ದು 2018ರ ಮೇನಲ್ಲಿ. ನಡುವಿನ ತಿಂಗಳುಗಳಲ್ಲಿ ತಕ್ಕಡಿ ಇರಲಿಲ್ಲ. ಆ ಖಾಲಿ ಜಾಗ ಗ್ರಾಫ್‌ನಲ್ಲಿ ಇವತ್ತಿಗೂ ಕಾಣುತ್ತದೆ. ನೋಡಿದಾಗಲೆಲ್ಲ ಬೇಸರವಾಗುತ್ತದೆ. ಇಂಥ ದಾಖಲೆ ಒಂದು ದಿನವೂ ತಪ್ಪಬಾರದಿತ್ತು.

ಈ ತಕ್ಕಡಿ ಕೊಟ್ಟ ಉತ್ತರ: ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ. 2019 ಒಂದೇ ವರ್ಷದಲ್ಲಿ 53,000 ಕೋಟಿ ಟನ್ನಿನಷ್ಟು ಹೋಯಿತು. ಸುಮಾರು 36,000 ಕೋಟಿ ಟನ್ ಹಿಮ ಕರಗಿ ಸಮುದ್ರ ಸೇರಿದರೆ ಇಡೀ ಜಗತ್ತಿನ ಕಡಲ ಮಟ್ಟ ಒಂದು ಮಿಲಿಮೀಟರ್ ಏರುತ್ತದೆ. ಒಂದು ಮಿಲಿಮೀಟರ್ ಅಷ್ಟೇನಾ ಅನಿಸಬಹುದು. ಎಲ್ಲ ಸಾಗರಗಳ ಮೇಲೆ ಒಂದು ಮಿಲಿಮೀಟರ್ ಅದು.

ನಾಲ್ಕನೆಯ ಹೆಜ್ಜೆ: ಜಮಾ ಖರ್ಚು

ಮೇಲೆ ಬಿದ್ದ ಹಿಮ ಜಮೆ. ಕರಗಿ ಹರಿದ ನೀರು, ಜಾರಿ ಸಮುದ್ರಕ್ಕೆ ಮುರಿದು ಬಿದ್ದ ಹಿಮ ಖರ್ಚು. ಜಮೆಯನ್ನೂ ಕರಗಿದ ನೀರನ್ನೂ ಹವಾಮಾನದ ಮಾದರಿಗಳಿಂದ ಲೆಕ್ಕ ಹಾಕುತ್ತಾರೆ. ಜಾರಿ ಬಿದ್ದ ಹಿಮಕ್ಕೆ ಹಿಮನದಿಯ ವೇಗ, ಅಗಲ, ದಪ್ಪ ಮೂರನ್ನೂ ಗುಣಿಸಬೇಕು. ವೇಗ ಉಪಗ್ರಹದ್ದು. ದಪ್ಪವನ್ನು ಬಹುಪಾಲು ವಿಮಾನದಲ್ಲಿ ರೇಡಾರ್ ಕಟ್ಟಿಕೊಂಡು ಹಾರಿ ಅಳೆದಿದ್ದಾರೆ.

ವೇಗ ಅಳೆಯುವ ಈ ಕೆಲಸಕ್ಕೆ ಬೆಂಗಳೂರಿನಿಂದಲೂ ಒಂದು ಉಪಗ್ರಹ ಹೋಗಿದೆ. ಇಸ್ರೊ ಮತ್ತು ನಾಸಾ ಕಟ್ಟಿದ ನಿಸಾರ್. ಅಮೆರಿಕದ ಮತ್ತು ಭಾರತದ ರೇಡಾರ್‌ಗಳು 2023ರಲ್ಲಿ ಬೆಂಗಳೂರಿಗೆ ಬಂದು ಇಲ್ಲೇ ಉಪಗ್ರಹಕ್ಕೆ ಜೋಡಣೆಯಾದವು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ಅಗಲದ ಆಂಟೆನಾ, 12 ದಿನಕ್ಕೊಮ್ಮೆ ಅದೇ ಹಾದಿ. ಅದರ ಕಣ್ಣನ್ನು ಎಡಕ್ಕೆ, ಅಂಟಾರ್ಕ್ಟಿಕಾ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿದ್ದಾರೆ. ಅಲ್ಲಿನ ತ್ವೈಟ್ಸ್ ಎಂಬ ಒಂದೇ ಹಿಮನದಿ ಸುಮಾರು 1,92,000 ಚದರ ಕಿ.ಮೀ. ಇದೆ. ಹೆಚ್ಚುಕಡಿಮೆ ನಮ್ಮ ಇಡೀ ಕರ್ನಾಟಕದಷ್ಟು.

ಐದನೆಯ ಹೆಜ್ಜೆ: ನೀವೇ ಅಳೆದು ನೋಡಿ

ತೂಕ ಮನೆಯಲ್ಲಿ ಆಗದ ಕೆಲಸ. ವೇಗ ಆಗುತ್ತದೆ. ಯುರೋಪಿನ ಉಪಗ್ರಹಗಳ ಚಿತ್ರ ತೋರಿಸುವ ಕೊಪರ್ನಿಕಸ್ ಬ್ರೌಸರ್ ಎಂಬ ಜಾಲತಾಣ ತೆರೆಯಿರಿ, ದುಡ್ಡು ಬೇಡ. ಗ್ರೀನ್‌ಲ್ಯಾಂಡಿನ ಇಲುಲಿಸಾಟ್ ಊರು ಹುಡುಕಿ. ಅಲ್ಲಿಂದ ಪೂರ್ವಕ್ಕೆ, ತೇಲುವ ಹಿಮಗಡ್ಡೆ ತುಂಬಿದ ಕೊಲ್ಲಿಯ ಉದ್ದಕ್ಕೂ 50 ಕಿ.ಮೀ.ಗೂ ಹೆಚ್ಚು ಸರಿದರೆ ಸೆರ್ಮೆಕ್ ಕುಯಾಲ್ಲೆಕ್ ಹಿಮನದಿಯ ಅಂಚು ಸಿಗುತ್ತದೆ. ಯಾಕೋಬ್ಸ್‌ಹಾವ್ನ್ ಎಂಬುದು ಅದರ ಇನ್ನೊಂದು ಹೆಸರು. 2012ರ ಬೇಸಿಗೆಯಲ್ಲಿ ಇದು ದಿನಕ್ಕೆ 46 ಮೀಟರ್ ಓಡಿತ್ತು.

ಉಪಗ್ರಹಗಳ ಪಟ್ಟಿಯಲ್ಲಿ ಸೆಂಟಿನೆಲ್-2 ಆರಿಸಿ. ಅದು ಬಿಸಿಲಿನ ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮೋಡವಿಲ್ಲದ ಎರಡು ದಿನ ಹುಡುಕಿ, ನಡುವೆ ಹತ್ತು ದಿನದ ಅಂತರ ಇರಲಿ. ಅಂಚಿನಿಂದ ಸ್ವಲ್ಪ ಒಳಗೆ, ಎದ್ದು ಕಾಣುವ ಒಂದು ಬಿರುಕನ್ನು ಗುರುತು ಮಾಡಿಕೊಳ್ಳಿ. ಕೊಲ್ಲಿಯಲ್ಲಿ ತೇಲುವ ಗಡ್ಡೆಯನ್ನು ಹಿಡಿಯಬೇಡಿ. ಅದು ಈಗಾಗಲೇ ನದಿ ಬಿಟ್ಟಾಗಿದೆ. ಎರಡನೆಯ ಚಿತ್ರದಲ್ಲಿ ಅದೇ ಬಿರುಕು ಎಲ್ಲಿದೆ ನೋಡಿ, ಅಳತೆ ಪಟ್ಟಿ ಎಳೆಯಿರಿ. 300 ಮೀಟರ್ ಸರಿದಿದ್ದರೆ ದಿನಕ್ಕೆ 30 ಮೀಟರ್. ಚಿತ್ರದ ಒಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲಿನ 10 ಮೀಟರಿಗೆ ಸಮ. ಹಾಗಾಗಿ ಎರಡೇ ದಿನದ ಅಂತರ ಹಿಡಿದರೆ ತಪ್ಪು ಜಾಸ್ತಿಯಾಗುತ್ತದೆ.

ಚಳಿಗಾಲದಲ್ಲಿ ಹುಡುಕಿದರೆ ಚಿತ್ರವೇ ಸಿಗದು, ಗಾಬರಿಯಾಗಬೇಡಿ. ನವೆಂಬರ್ ಕೊನೆಯಿಂದ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಜನವರಿ 13ರ ಹೊತ್ತಿಗೆ ಇಲುಲಿಸಾಟ್ ಜನ ಗುಡ್ಡದ ಮೇಲೆ ಸೇರಿ ಮರಳಿ ಬರುವ ಸೂರ್ಯನನ್ನು ಎದುರುಗೊಳ್ಳುತ್ತಾರೆ. ಆ ಕತ್ತಲ ವಾರಗಳಲ್ಲೂ ಹಿಮನದಿ ಸರಿಯುತ್ತಲೇ ಇರುತ್ತದೆ. ಅದನ್ನು ನೋಡಬೇಕಿದ್ದರೆ ಪಟ್ಟಿಯಲ್ಲಿ ಸೆಂಟಿನೆಲ್-1 ಆರಿಸಿ. ಅದು ರೇಡಾರ್, ಬೆಳಕು ಬೇಡ.