ಕಸ ಗುಡಿಸುವ ರೋಬೋಟ್ ತರುವ ಮೊದಲು ಹೊಸ್ತಿಲು ಅಳೆಯಿರಿ

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಕಸ ಎಳೆಯುವ ಶಕ್ತಿಯ ಲೆಕ್ಕ: 5,000 ಪಾಸ್ಕಲ್, 8,000 ಪಾಸ್ಕಲ್ ಅಂತ. ಅದಕ್ಕೆ ಮರುಳಾಗಬೇಡಿ ಮಾರಾಯ್ರೆ. ದಪ್ಪ ಕಾರ್ಪೆಟ್ ಇದ್ದರೆ ಅಷ್ಟು ಬೇಕು. ನಮ್ಮ ಕರಾವಳಿಯ ಮನೆಗಳಲ್ಲಿರುವುದು ಟೈಲ್ಸ್, ಗ್ರಾನೈಟ್, ಇಲ್ಲವೇ ಹಳೆಯ ಕಾವಿ ನೆಲ. ಅದಕ್ಕೆ 2,500ರಿಂದ 4,000 ಪಾಸ್ಕಲ್ ಧಾರಾಳ ಸಾಕು. ಅದರ ಬದಲು ಟೇಪು ಹಿಡಿದು ಮನೆಯ ಹೊಸ್ತಿಲು ಅಳೆಯಿರಿ. ಮಧ್ಯಮ ಬೆಲೆಯ ಯಂತ್ರಗಳು ಹತ್ತುವುದು ಸುಮಾರು 2 ಸೆಂಟಿಮೀಟರ್, ಅಷ್ಟೇ. ಉಡುಪಿ ಕಡೆಯ ಹಳೆಮನೆಗಳ ಮರದ ಹೊಸ್ತಿಲು ಅದರ ಎಷ್ಟೋ ಪಟ್ಟು ಎತ್ತರ. ಅಂಥಲ್ಲಿ ಯಂತ್ರವನ್ನು ಪ್ರತಿ ಕೋಣೆಗೂ ಎತ್ತಿಕೊಂಡು ಹೋಗಿ ಬಿಡಬೇಕು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ದುಡ್ಡು ಹಾಕಿ. ಮಂಚ, ಸೋಫಾಗಳ ಅಡಿಯನ್ನೂ ನೋಡಿ: ತಲೆಯ ಮೇಲೆ ಲೇಸರ್ ಗೋಪುರವಿರುವ ಯಂತ್ರ 9.5ರಿಂದ 10 ಸೆಂಟಿಮೀಟರ್ ಎತ್ತರ ಇರುತ್ತದೆ, ಅಡಿಯಲ್ಲಿ 11 ಸೆಂಟಿಮೀಟರ್ ಜಾಗ ಇದ್ದರೆ ನಿಶ್ಚಿಂತೆ.

ಹಾಗಂತ ಎತ್ತರ ತಗ್ಗಿಸಲು ಹೋಗಿ ಲೇಸರ್ ಇಲ್ಲದ ಯಂತ್ರ ತರಬೇಡಿ. ಲೇಸರ್ ಯಂತ್ರ ಮನೆಯ ನಕ್ಷೆ ಬರೆದುಕೊಂಡು ಸಾಲು ಹಿಡಿದು ಗುಡಿಸುತ್ತದೆ, ಕತ್ತಲಲ್ಲೂ ದಾರಿ ತಪ್ಪುವುದಿಲ್ಲ. ಕ್ಯಾಮೆರಾ ನಂಬಿದ ಯಂತ್ರಕ್ಕೆ ಬೆಳಕು ಬೇಕು. ಆಟಿಯ ಮಳೆಗೆ ಕಿಟಕಿ ಮುಚ್ಚಿದ ಚಾವಡಿಯಲ್ಲಿ ಅದು ತಡವರಿಸುತ್ತದೆ. ನೆಲದಲ್ಲಿ ಕಪ್ಪು ಗ್ರಾನೈಟಿನ ಪಟ್ಟಿ ಇದ್ದರೆ ಕೊಳ್ಳುವ ಮೊದಲೇ ಕೇಳಿ. ಅಡಿಭಾಗದ ಸೆನ್ಸರ್‌ಗಳು ನೆಲಕ್ಕೆ ಇನ್ಫ್ರಾರೆಡ್ ಬೆಳಕು ಬಿಟ್ಟು, ಅದು ಮರಳಿ ಬಂದರೆ ನೆಲ ಇದೆ ಎಂದು ತಿಳಿಯುತ್ತವೆ. ಕಪ್ಪು ಕಲ್ಲು ಬೆಳಕನ್ನು ಹೀರುವುದರಿಂದ ಅಲ್ಲಿ ಗುಂಡಿ ಇದೆ ಎಂದುಕೊಂಡು ಹಿಂದಕ್ಕೆ ಸರಿಯುತ್ತವೆ. ಸೆನ್ಸರ್ ಮೇಲೆ ಟೇಪ್ ಅಂಟಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಜಗಲಿಯ ಮೆಟ್ಟಿಲಿನಿಂದ ಯಂತ್ರ ಕೆಳಗೆ ಬೀಳುತ್ತದೆ.

ಯಂತ್ರ ಚಾರ್ಜ್ ಆಗಲು ಬಂದು ಕೂರುವ ಡಾಕ್ ಗೋಡೆಗೆ ಒತ್ತಿಕೊಂಡಿರಲಿ. ಎರಡೂ ಬದಿಗೆ ಅರ್ಧ ಮೀಟರ್, ಎದುರಿಗೆ ಒಂದೂವರೆ ಮೀಟರ್ ಖಾಲಿ ಬಿಡಿ. ಯಂತ್ರ ವೈಫೈಗೆ ಸೇರದಿದ್ದರೆ ರೂಟರಿನ 2.4 ಗಿಗಾಹರ್ಟ್ಸ್ ವೈಫೈ ಹೆಸರಿಗೇ ಜೋಡಿಸಿ. ದೇವರ ಕೋಣೆಯನ್ನು ನಕ್ಷೆಯಲ್ಲಿ ‘ಹೋಗಬಾರದ ಜಾಗ’ ಎಂದು ಗುರುತು ಮಾಡುವುದು ಕಡ್ಡಾಯ: ನೆಲದ ಮೇಲಿಟ್ಟ ದೀಪಕ್ಕೆ ಅದು ಡಿಕ್ಕಿ ಹೊಡೆಯಬಹುದು, ರಂಗೋಲಿ ಪುಡಿಯಂಥ ನುಣ್ಣನೆಯ ಧೂಳು ಫಿಲ್ಟರಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ನಮ್ಮಲ್ಲಿ ಈ ಯಂತ್ರಗಳನ್ನು ಹೆಚ್ಚು ಹಾಳು ಮಾಡುವುದು ತೇವ. ಮಳೆಗಾಲದಲ್ಲಿ ನೆಲ ಬೆವರುವ ದಿನ ಬ್ರಷ್ ಓಡಿಸಿದರೆ ಧೂಳು ಡಬ್ಬಿಯೊಳಗೆ ಕೆಸರಾಗಿ ಅಂಟಿ, ಎರಡೇ ದಿನಕ್ಕೆ ಮುಗ್ಗಲು ವಾಸನೆ. ಫ್ಯಾನ್ ಹಾಕಿ ನೆಲ ಒಣಗಿಸಿ, ಆಮೇಲೆ ಬಿಡಿ. ಕಾಲಿನಲ್ಲಿ ಬಂದ ಕೆಂಪು ಮಣ್ಣು ಹಸಿಯಾಗಿದ್ದರೆ ಒಣಗುವ ತನಕ ಕಾಯಿರಿ. ಗುಡಿಸುವುದು, ಒರೆಸುವುದು ಒಟ್ಟಿಗೇ ಆಗುತ್ತದೆ ಎನ್ನುವ ಮಾತನ್ನೂ ಪೂರ್ತಿ ನಂಬಬೇಡಿ, ಮುರಕಲ್ಲಿನ ಧೂಳು ಬಟ್ಟೆಗೆ ಹಿಡಿದು ನೆಲದ ತುಂಬ ಕಂದು ಗೆರೆ ಎಳೆಯುತ್ತದೆ. ಮೊದಲ ಸುತ್ತು ಬಟ್ಟೆ ಇಲ್ಲದೆ, ಎರಡನೆಯ ಸುತ್ತು ಬಟ್ಟೆ ಕಟ್ಟಿ. ಯಂತ್ರದ ನೀರಿನ ತೊಟ್ಟಿಗೆ ಬರೀ ನೀರು; ಫಿನಾಯಿಲ್ ಹಾಕಿದರೆ ನೀರು ಬಿಡುವ ಸಣ್ಣ ನಳಿಗೆ ಕಟ್ಟುತ್ತದೆ, ರಬ್ಬರ್ ಭಾಗ ಹಾಳಾಗುತ್ತದೆ. ಒರೆಸಿ ಮುಗಿದ ಕೂಡಲೇ ತೊಟ್ಟಿ ಖಾಲಿ ಮಾಡಿ, ಬಟ್ಟೆ ತೆಗೆದು ಒಗೆದು ಹಿಂಡಿ ಹರವಿ. ಒದ್ದೆ ಬಟ್ಟೆ ಸಮೇತ ಡಾಕಿನಲ್ಲಿ ರಾತ್ರಿ ಕಳೆದರೆ ಕಾವಿ ನೆಲದಲ್ಲಿ ಕಲೆ ಉಳಿಯುತ್ತದೆ.

ಫಿಲ್ಟರನ್ನು ವಾರಕ್ಕೊಮ್ಮೆ ಹೊರಗೆ ಒಯ್ದು ಮೆಲ್ಲಗೆ ತಟ್ಟಿ. ತೊಳೆಯಬಹುದು ಎಂದು ಕೈಪಿಡಿಯಲ್ಲಿ ಬರೆದಿದ್ದರೆ ಮಾತ್ರ ತೊಳೆಯಿರಿ. ಬೇಸಿಗೆಯಲ್ಲಿ 24 ಗಂಟೆಗೆ ಒಣಗುತ್ತದೆ, ಜುಲೈಯಲ್ಲಿ ಎರಡು ದಿನವಾದರೂ ಸಾಲದು. ಹಾಗಾಗಿ ಎರಡು ಫಿಲ್ಟರ್ ಇಟ್ಟುಕೊಳ್ಳಿ. ಹಸಿಯದ್ದನ್ನು ಹಾಕಿದರೆ ಧೂಳು ಅಂಟಿ ಎಳೆತ ಇಳಿಯುತ್ತದೆ, ಮೋಟರಿಗೂ ತೇವ ಹೋಗುತ್ತದೆ. ಕಸದ ಡಬ್ಬಿಯನ್ನು ದಿನಾ ಖಾಲಿ ಮಾಡಿ. ಅವಲಕ್ಕಿ ಚೂರು ಉಳಿದರೆ ಸಾಕು, ಇರುವೆ ಸಾಲು ಡಾಕಿನ ತನಕ ಬರುತ್ತದೆ.

ಇನ್ನು ಕೂದಲು. ತೆಂಗಿನೆಣ್ಣೆ ಹಚ್ಚಿದ ಉದ್ದ ಕೂದಲು, ಮಲ್ಲಿಗೆ ಚೆಂಡು ಬಿಚ್ಚಿದಾಗ ಬಿದ್ದ ಬಾಳೆನಾರು, ಇವೆರಡೂ ಉರುಳುವ ಬ್ರಷ್ಷಿಗೆ ಗಟ್ಟಿಯಾಗಿ ಸುತ್ತಿಕೊಳ್ಳುತ್ತವೆ. ಹಾಗಾಗಿ ರಬ್ಬರ್ ರೆಕ್ಕೆಯ ಬ್ರಷ್ ಒಳ್ಳೆಯದು. ಕತ್ತರಿಯಿಂದ ಉದ್ದಕ್ಕೆ ಕೊಯ್ದು ತೆಗೆಯುವುದು ಎಲ್ಲರಿಗೂ ಗೊತ್ತು. ಬ್ರಷ್ಷಿನ ಎರಡು ತುದಿಯ ಟೊಪ್ಪಿ ಬಿಚ್ಚಿ ನೋಡುವವರು ಕಡಿಮೆ. ಅಲ್ಲಿ ಕೂದಲು ಬಿಗಿದರೆ ಬೇರಿಂಗ್ ಬಿಸಿಯಾಗಿ ಸವೆಯುತ್ತದೆ. ಮುಂದಿನ ಚಿಕ್ಕ ಚಕ್ರವನ್ನೂ ಮೇಲಕ್ಕೆ ಎಳೆದು ತೆಗೆದು ಅದರ ಸರಳು ಒರೆಸಿ. ಆ ಚಕ್ರ ತಿರುಗದೆ ಜಾರಿದರೆ ಕಾವಿ ನೆಲಕ್ಕೆ ಗೀರು ಬೀಳುತ್ತದೆ. ಎಣ್ಣೆ ಬಿಡಬೇಡಿ, ಧೂಳು ಮೆತ್ತಿಕೊಳ್ಳುತ್ತದೆ.

ಸಮುದ್ರದ ಗಾಳಿ ಬೀಸುವ ಮಲ್ಪೆ, ಉಳ್ಳಾಲದಂಥ ಕಡೆ ಚಾರ್ಜಿನ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿಯುತ್ತದೆ. ಯಂತ್ರ ಡಾಕಿಗೆ ಬಂದು ಕೂತರೂ ಚಾರ್ಜ್ ಆಗುತ್ತಿಲ್ಲವೆಂದರೆ ಪ್ಲಗ್ ತೆಗೆದು, ಎರಡೂ ಕಡೆಯ ಪಟ್ಟಿಗಳನ್ನು ಒಣಬಟ್ಟೆಯಿಂದ ಉಜ್ಜಿ ನೋಡಿ. ಗುಡುಗು ಸಿಡಿಲು ಶುರುವಾದರೆ ಡಾಕಿನ ಪ್ಲಗ್ ಕಿತ್ತಿಡಿ. ತಿಂಗಳುಗಟ್ಟಲೆ ಊರಲ್ಲಿ ಇರುವುದಿಲ್ಲವಾದರೆ ಪೂರ್ತಿ ಚಾರ್ಜ್ ಮಾಡಿ ಯಂತ್ರದ ಸ್ವಿಚ್ಚನ್ನೇ ಆರಿಸಿ ಹೋಗಿ. ಖಾಲಿಯಾಗಿ ಬಿದ್ದ ಲಿಥಿಯಂ ಬ್ಯಾಟರಿ ಮತ್ತೆ ಚೇತರಿಸಿಕೊಳ್ಳದೆ ಹೋಗಬಹುದು. ಹೊಸ ಬ್ಯಾಟರಿ, ಫಿಲ್ಟರ್, ಬ್ರಷ್ ಮಂಗಳೂರಿನಲ್ಲೇ ಸಿಗುತ್ತದೆಯೇ ಎಂದು ಬಿಲ್ ಮಾಡಿಸುವ ಮೊದಲೇ ಕೇಳಿ ತಿಳಿದುಕೊಳ್ಳಿ.